“ಒಬ್ರೇ ಹೊರಟಿದ್ದೀರಾ?”

ತುಮಕೂರಿನಿಂದ ಮಾರಿಕಣಿವೆಯವರೆಗೆ ಬೈಸಿಕಲ್ಲಿನಲ್ಲಿ ಹೋಗಿ, ಹಿನ್ನೀರಿನ ದಡದಲ್ಲಿ ಗುಡಾರ ಹೂಡಿ, ಒಂದು ರಾತ್ರಿ ಬಯಲಿನಲ್ಲಿ ಮಲಗಿ ಬರಬೇಕೆಂದು ಹೊರಟ ದಿನ, ಮೇಲಿನ ಪ್ರಶ್ನೆಗೆ ನಾನು ಹನ್ನೊಂದು ಸಲ ಉತ್ತರ ಹೇಳಬೇಕಾಯಿತು. ಮೊದಲು ಕೇಳಿದವರು ನಮ್ಮ ತಾಯಿಯವರೇ. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಬೆಳಗಿನ ಐದು ಗಂಟೆಯ ಚಳಿಯಲ್ಲಿ ಸೆರಗು ಹೊದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಏಕವಚನದಲ್ಲಿ. ಉಳಿದ ಹತ್ತು ಮಂದಿ ಕೇಳಿದ್ದು ಬಹುವಚನದಲ್ಲಿ. ವ್ಯತ್ಯಾಸ ಇಷ್ಟೆ.

ನನ್ನ ಪತ್ನಿ ಪ್ರಶ್ನೆ ಕೇಳಲಿಲ್ಲ, ಷರತ್ತು ಹಾಕಿದಳು. ದಾರಿಯ ಪ್ರತಿಯೊಂದು ಊರಿನಿಂದಲೂ ಒಂದು ಕರೆ ಬರಬೇಕು. ರಾತ್ರಿ ಎಂಟಕ್ಕೆ, ಎಲ್ಲಿದ್ದರೂ, ಒಂದು ಕರೆ ಬರಬೇಕು. ಎಂಟು ಮೀರಿದರೆ ತಾನು ಹಿರಿಯೂರಿನ ಪೋಲೀಸು ಠಾಣೆಗೆ ಫೋನು ಮಾಡುವುದಾಗಿ ಹೇಳಿ, ಬುತ್ತಿಯ ಡಬ್ಬಿಯನ್ನು ಕೈಗಿತ್ತಳು. ಇದು ಬೆದರಿಕೆಯೋ ಆಶ್ವಾಸನೆಯೋ ಎಂದು ಯೋಚಿಸುತ್ತ ನಾನು ಗಾಡಿಯನ್ನು ಬೀದಿಗೆ ಇಳಿಸಿದೆ.

ನನ್ನದು ಹದಿನಾಲ್ಕು ಕಿಲೋ ತೂಗುವ ಉಕ್ಕಿನ ಬೈಸಿಕಲ್ಲು. ಅದರ ಬೆನ್ನಿನ ಮೇಲೆ ಮತ್ತೆ ಹದಿನಾರು ಕಿಲೋ ಸಾಮಾನು: ನಾಲ್ಕು ಲೀಟರು ನೀರು, ಹಾಸು, ಹೊದಿಕೆ, ಒಂದು ಜೊತೆ ಬಟ್ಟೆ, ಗಾಳಿಪಂಪು, ಪಂಕ್ಚರಿನ ಪೆಟ್ಟಿಗೆ, ಚಪಾತಿ, ಚಿತ್ರಾನ್ನ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಇವೆಲ್ಲದರ ಮೇಲೆ ಇಬ್ಬರು ಮಲಗಬಹುದಾದ ಒಂದು ಗುಡಾರ. ಮೊದಲಾದರೆ ಆ ಗುಡಾರವನ್ನು ಇಬ್ಬರು ಹಂಚಿಕೊಂಡು ಹೊರುತ್ತಿದ್ದೆವು. ಬಟ್ಟೆ ನನ್ನ ಗಾಡಿಯ ಮೇಲೆ, ಕಂಬಿ ಗೂಟಗಳು ಅವನ ಗಾಡಿಯ ಮೇಲೆ. ಈ ಸಲ ಎರಡೂ ನನ್ನ ಗಾಡಿಯ ಮೇಲೆಯೇ ಇದ್ದುವು.

ಅವನೆಂದರೆ ನನ್ನ ಸಹೋದ್ಯೋಗಿ, ಗಣಿತದ ಉಪನ್ಯಾಸಕ. ನಾಲ್ಕು ವರ್ಷ ರಜೆ ಬಂದಾಗಲೆಲ್ಲ ನಾವು ಜೊತೆಯಾಗಿ ಸುತ್ತಿದವರು. ಕಳೆದ ಶ್ರಾವಣದ ಒಂದು ಮುಂಜಾನೆ ಎದೆ ನೋಯುತ್ತಿದೆಯೆಂದು ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ಮೂವತ್ತೆಂಟು ವರ್ಷ ವಯಸ್ಸು. ಅವನ ಹೆಂಡತಿ ಒಂದು ದಿನ ನಮ್ಮ ಮನೆಗೆ ಬಂದು, “ಇದು ನಿಮ್ಮದೇ ಇರಬೇಕು” ಎಂದು ಗುಡಾರದ ಕಂಬಿಗಳ ಚೀಲವನ್ನೂ ಒಂದು ಭೂಪಟವನ್ನೂ ಕೊಟ್ಟು ಹೋದರು. ಭೂಪಟದ ಮೇಲೆ ಸೀಸದ ಕಡ್ಡಿಯಿಂದ ಎಳೆದ ಒಂದು ಗೆರೆ ತುಮಕೂರಿನಿಂದ ಹೊರಟು ಗುಬ್ಬಿ, ಚಿಕ್ಕನಾಯಕನಹಳ್ಳಿ, ಹುಳಿಯಾರುಗಳನ್ನು ಮುಟ್ಟಿ ಮಾರಿಕಣಿವೆಯ ಹಿನ್ನೀರಿನ ಬದಿಯಲ್ಲಿ ಒಂದು ಸಣ್ಣ ಸೊನ್ನೆಯಾಗಿ ನಿಂತಿತ್ತು. ಒಂದು ಹಗಲಿನ ದಾರಿ. ಸುಮಾರು 130 ಕಿಲೋಮೀಟರು. ನಾವು ಮಾಡದೆ ಉಳಿಸಿದ ಪ್ರಯಾಣ ಅದು.

ಗುಬ್ಬಿಯ ದಾರಿಯಲ್ಲಿ

ಹೊನ್ನಾವರದ ಹೆದ್ದಾರಿಯಲ್ಲಿ ಆ ಹೊತ್ತಿಗೆ ಲಾರಿಗಳು ವಿರಳ. ಮೂಡಣ ಗಾಳಿ ಬೆನ್ನಿಗಿತ್ತು. ಏಳು ಗಂಟೆಗೆ ಗುಬ್ಬಿಯಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಮನೆಗೆ ಮೊದಲನೆಯ ಕರೆ ಮಾಡಿ, ಕಾಫಿ ಕುಡಿಯುತ್ತ ಕುಳಿತಾಗ ಒಂದು ಕಾಕತಾಳೀಯ ನೆನಪಾಯಿತು. ಗುಬ್ಬಿಯ ಪ್ರಸಿದ್ಧ ನಾಟಕ ಮಂಡಲಿ ಹುಟ್ಟಿದ್ದು 1884ರಲ್ಲಿ. ಥಾಮಸ್ ಸ್ಟೀವನ್ಸ್ ಎಂಬಾತ ಬೈಸಿಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಬಿಟ್ಟಿದ್ದೂ ಅದೇ ವರ್ಷ, ಏಪ್ರಿಲ್ 22ರಂದು. ಆತನ ಗಾಡಿ ಇಂದಿನದರಂತಲ್ಲ. ಮುಂದಿನ ಚಕ್ರ 50 ಅಂಗುಲ ಎತ್ತರ, ಹಿಂದಿನದು ಗಿಲಕಿಯಷ್ಟು. ಸಾಮಾನೆಂದರೆ ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಒಂದು ಪಿಸ್ತೂಲು, ಒಂದು ಮಳೆಯಂಗಿ. ಆ ಮಳೆಯಂಗಿಯೇ ರಾತ್ರಿಯ ಗುಡಾರವೂ ಹಾಸಿಗೆಯೂ ಆಗುತ್ತಿತ್ತು. 1886ರಲ್ಲಿ ಆತ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ತುಳಿದು ಕಲ್ಕತ್ತೆಗೆ ಬಂದು, ಆ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾ ಸೇರಿದ.

ನಮ್ಮವರೇನೂ ಹಿಂದೆ ಬಿದ್ದಿಲ್ಲ. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಬೈಸಿಕಲ್ಲುಗಳ ಮೇಲೆ ಲೋಕಸಂಚಾರಕ್ಕೆ ಹೊರಟರು. ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮಗರಾ ಎಂಬ ಮೂವರು ಕೊನೆಯವರೆಗೆ ನಿಂತು 1928ರಲ್ಲಿ ಹಿಂದಿರುಗಿದರು. ಐರ್ಲೆಂಡಿನ ಡರ್ವ್ಲಾ ಮರ್ಫಿ ಎಂಬ ಹೆಂಗಸಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಹತ್ತನೆಯ ಹುಟ್ಟುಹಬ್ಬಕ್ಕೆ ಆಕೆಗೆ ಬಂದ ಉಡುಗೊರೆ ಒಂದು ಬೈಸಿಕಲ್ಲು, ಒಂದು ಭೂಪಟದ ಪುಸ್ತಕ. ಅಂದೇ ಇಂಡಿಯಾಕ್ಕೆ ಹೋಗುವುದೆಂದು ನಿಶ್ಚಯ. ಹೊರಟದ್ದು ಮಾತ್ರ ಇಪ್ಪತ್ತೊಂದು ವರ್ಷಗಳ ಮೇಲೆ, 1963ರ ಜನವರಿಯಲ್ಲಿ, ಒಬ್ಬಳೇ. ಅದೇ ಬೇಸಗೆಯಲ್ಲಿ ದೆಹಲಿ ಸೇರಿದಳು. ಆಕೆ ತೀರಿಕೊಂಡದ್ದು 2022ರಲ್ಲಿ. ಇಂಥವರ ಮುಂದೆ 130 ಕಿಲೋಮೀಟರಿನ ನನ್ನ ಸಾಹಸವನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು. ಆದರೆ ಗುಬ್ಬಿಯ ಹೋಟೆಲಿನ ಮಾಣಿ ನನ್ನ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, “ಹುಳಿಯಾರಿಗಾ? ಬಸ್ಸೈತಲ್ಲ ಸಾರ್! ಒಬ್ರೇ ಹೊರಟಿದ್ದೀರಾ?” ಎಂದಾಗ, ಸ್ಟೀವನ್ಸನಿಗೂ ಇಂಥ ಮಾಣಿಗಳು ಸಿಕ್ಕಿರಬೇಕೆನ್ನಿಸಿತು.

ಕೆ. ಬಿ. ಕ್ರಾಸಿನಲ್ಲಿ ಬಲಕ್ಕೆ ಹೊರಳಿದರೆ ತೆಂಗಿನ ಸೀಮೆ. ದಾರಿಯ ಎರಡು ಕಡೆಗೂ ತೋಟಗಳು. ಅಟ್ಟಗಳ ಮೇಲೆ ಕೊಬ್ಬರಿಗಾಗಿ ಒಣಗುತ್ತಿರುವ ಕಾಯಿ. ಹನ್ನೊಂದಕ್ಕೆ ಮುಂಚೆ ಚಿಕ್ಕನಾಯಕನಹಳ್ಳಿ ಮುಟ್ಟಿದೆ. ಅದುವರೆಗೆ ಸುಮಾರು 65 ಕಿಲೋಮೀಟರು. ಎಂದರೆ ಅರ್ಧ ದಾರಿ ಮುಗಿದಂತೆ. ತೀ. ನಂ. ಶ್ರೀಕಂಠಯ್ಯನವರು ಹುಟ್ಟಿದ ತೀರ್ಥಪುರ ಈ ತಾಲ್ಲೂಕಿನದೇ. ಕನ್ನಡ ಎಂ.ಎ. ಮಾಡಿದವನು ಈ ಕಡೆ ಬಂದು ಆ ಊರನ್ನು ನೋಡದೆ ಹೋಗುವುದು ಅಪರಾಧವೆಂದು ನನಗೆ ಗೊತ್ತು. ಆದರೆ ಗಣಿತದವನು ಎಳೆದ ಗೆರೆ ಅತ್ತ ಹೋಗಿರಲಿಲ್ಲ. ಮನಸ್ಸಿನಲ್ಲೇ ಕೈಮುಗಿದು ಮುಂದೆ ನಡೆದೆ.

ಹುರುಳಿಯ ಬಳ್ಳಿ, ನೆಗ್ಗಿಲ ಮುಳ್ಳು

ಹುಳಿಯಾರಿಗೆ ಹೆದ್ದಾರಿಯಿದೆ. ಭೂಪಟದ ಗೆರೆ ಮಾತ್ರ ಅದನ್ನು ಬಿಟ್ಟು ಬಲಗಡೆಯ ಹಳ್ಳಿಗಳ ದಾರಿಯನ್ನು ಹಿಡಿದಿತ್ತು. ನಾಲ್ಕು ಕಿಲೋಮೀಟರು ಹೋಗುವಷ್ಟರಲ್ಲಿ ಅದರ ಕಾರಣ ತಿಳಿಯಿತು. ಲಾರಿಯಿಲ್ಲ, ಧೂಳಿಲ್ಲ, ಹುಣಸೆಮರದ ನೆರಳಿದೆ. ಆದರೆ ಸುಗ್ಗಿಯ ಕಾಲದಲ್ಲಿ ಹಳ್ಳಿಯ ಡಾಂಬರು ರಸ್ತೆ ರಸ್ತೆಯಾಗಿರುವುದಿಲ್ಲ, ಕಣವಾಗಿರುತ್ತದೆ ಎಂಬುದನ್ನು ನನ್ನ ಮಿತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರಾಗಿಯ ತೆನೆ, ಹುರುಳಿಯ ಬಳ್ಳಿ ಎಲ್ಲವನ್ನೂ ರಸ್ತೆಯ ಮೇಲೆ ಮೊಳಕಾಲುದ್ದ ಹರಡಿರುತ್ತಾರೆ. ಹೋಗಿಬರುವ ಬಸ್ಸು ಟ್ರಾಕ್ಟರುಗಳು ಅದನ್ನು ತುಳಿದು ಕಾಳು ಬಿಡಿಸುತ್ತವೆ. ಬಸ್ಸಿಗೆ ಇದರಿಂದ ಬಾಧೆಯಿಲ್ಲ. ಬೈಸಿಕಲ್ಲಿಗೆ ಮಾತ್ರ ಹುರುಳಿಯ ಬಳ್ಳಿಯಂಥ ಶತ್ರು ಮತ್ತೊಂದಿಲ್ಲ. ಹತ್ತು ಗಜ ಹೋಗುವಷ್ಟರಲ್ಲಿ ಅದು ಸರಪಣಿಯಲ್ಲಿ ಸೇರಿ, ಫ್ರೀವೀಲಿಗೆ ಸುತ್ತಿ, ಚಕ್ರ ಬಿಗಿದು ನಿಂತಿತು. ನಾನು ಮೆಲ್ಲಗೆ ಬಲಮಗ್ಗುಲಿಗೆ ಹುರುಳಿಯ ರಾಶಿಯ ಮೇಲೆ ಒರಗಿದೆ. ಪೆಟ್ಟಾಗಲಿಲ್ಲ. ಕಣದ ಬದಿಯಲ್ಲಿ ಮೊರ ಹಿಡಿದು ತೂರುತ್ತಿದ್ದ ಹೆಂಗಸರು ಮೊದಲು ಗಾಬರಿಯಾಗಿ, ಆಮೇಲೆ ಬಾಯಿಗೆ ಸೆರಗಿಟ್ಟು ನಕ್ಕರು.

“ನಮ್ ಹುರುಳಿ ಎಲ್ಲಾ ಗಾಡೀಗೆ ಸುತ್ಕೊಂಡು ಹೊಂಟ್ರಲ್ಲ ಸ್ವಾಮಿ!” ಎಂದಳು ಅವರಲ್ಲಿ ಹಿರಿಯಳು. ಕುಡುಗೋಲಿನ ತುದಿಯಿಂದ ಬಳ್ಳಿಯನ್ನು ಕತ್ತರಿಸಿ ತೆಗೆದುಕೊಟ್ಟವಳೂ ಅವಳೇ. ಆಮೇಲೆ ಒಂದು ಚೆಂಬು ಮಜ್ಜಿಗೆ, ಅದರ ಜೊತೆಗೆ ಆ ಪ್ರಶ್ನೆ.

ಒಂಟಿಯಾಗಿ ಹೋಗುವವನು ಈ ಪ್ರಶ್ನೆಗೆ ನಿಜ ಹೇಳಬಾರದೆಂಬುದು ಸಂಚಾರಿಗಳಲ್ಲಿ ಒಂದು ನಿಯಮ. “ಇಲ್ಲ, ಜೊತೆಗಾರ ಹಿಂದೆ ಬರುತ್ತಿದ್ದಾನೆ” ಎನ್ನಬೇಕು. ಕೇಳಿದವನು ಕೆಟ್ಟವನಾಗಿದ್ದರೆ ಅಷ್ಟು ಮಾತು ಅವನನ್ನು ತಡೆಯುತ್ತದೆ. ಬೆಳಗಿನಿಂದ ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೆ. ಆಕೆಗೂ ಹಾಗೆಯೇ ಹೇಳಿದೆ. ಆಕೆ ಕಣ್ಣಿಗೆ ಕೈ ಅಡ್ಡಹಿಡಿದು ನಾನು ಬಂದ ದಾರಿಯನ್ನು ಸ್ವಲ್ಪ ಹೊತ್ತು ನೋಡಿ, “ಬರ್ಲಿ ಬಿಡಿ, ಅವ್ರಿಗೂ ಮಜ್ಜಿಗೆ ಮಡಗಿರ್ತೀನಿ” ಎಂದಳು. ಅಲ್ಲಿಂದ ಹೊರಟ ಮೇಲೆ ಬಹಳ ದೂರದವರೆಗೆ ನನಗೆ ಹಿಂತಿರುಗಿ ನೋಡಲಾಗಲಿಲ್ಲ.

ಒಂದು ಗಂಟೆಯ ಸುಮಾರಿಗೆ ಹಿಂದಿನ ಚಕ್ರ ಮೆತ್ತಗಾಯಿತು. ನೆಗ್ಗಿಲ ಮುಳ್ಳು. ನಮ್ಮ ವೈದ್ಯರು ಗೋಕ್ಷುರವೆಂದು ಕಷಾಯಕ್ಕೆ ಹಾಕುವ ಗಿಡವೇ ಇದು. ನೆಲಕ್ಕೆ ಹರಡಿದ ಸಣ್ಣ ಬಳ್ಳಿ, ಹಳದಿಯ ಹೂ, ಕಾಯಿಗೆ ಕೊಂಬಿನಂಥ ಮುಳ್ಳುಗಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿರುವಂತೆ ಸೃಷ್ಟಿಕರ್ತ ಅದನ್ನು ಮಾಡಿದ್ದಾನೆ.

ಓದುಗರು ನಗಬಹುದು: ನಾಲ್ಕು ವರ್ಷ ಊರೂರು ಸುತ್ತಿದ್ದರೂ ನಾನು ಒಂದು ಪಂಕ್ಚರನ್ನೂ ಸ್ವಂತ ಕೈಯಿಂದ ಹಾಕಿದವನಲ್ಲ. ಅದು ಅವನ ಕೆಲಸವಾಗಿತ್ತು. ಅವನು ಕೆಲಸ ಮಾಡುವಾಗ ನಾನು ಪಕ್ಕದಲ್ಲಿ ಕುಳಿತು ಪದ್ಯ ಹೇಳುತ್ತಿದ್ದೆ. ಅದನ್ನೇ ಶ್ರಮವಿಭಜನೆಯೆಂದು ನಂಬಿದ್ದೆ. ಈಗ ಹುಣಸೆಮರದ ಕೆಳಗೆ ಗಾಡಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಅವನ ಪೆಟ್ಟಿಗೆಯನ್ನು ತೆರೆದೆ. ಟೈರು ಬಿಚ್ಚುವ ಸನ್ನೆಗಳು, ಮರಳುಕಾಗದ, ಸಲ್ಯೂಷನ್ನಿನ ನಳಿಕೆ, ತೇಪೆಗಳು ಎಲ್ಲವೂ ಅಚ್ಚುಕಟ್ಟಾಗಿ ಜೋಡಿಸಿದಂತೆ ಇದ್ದುವು. ಟ್ಯೂಬಿಗೆ ಗಾಳಿ ಹಾಕಿ ಕೆನ್ನೆಯ ಬಳಿ ಹಿಡಿದು ತಿರುಗಿಸಿದರೆ ತೂತಿನಿಂದ ಬರುವ ಗಾಳಿ ತಿಳಿಯುತ್ತದೆ. ನೀರನ್ನು ಉಳಿಸಬೇಕಾದವರಿಗೆ ಅದೇ ದಾರಿ. ತೂತು ಸಿಕ್ಕಿತು. ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ನು ಬಳಿದು, ತಕ್ಷಣವೇ ತೇಪೆ ಅಂಟಿಸಿದೆ. ಅದು ಜಾರಿಕೊಂಡು ಬಂತು. ಹಸಿಯಿರುವಾಗ ಅಂಟಿಸಬಾರದು, ಐದು ನಿಮಿಷ ಕಾದು, ಬಳಿದದ್ದು ಒಣಗಿದಂತಾದ ಮೇಲೆ ಅದುಮಬೇಕು. ಆ ಐದು ನಿಮಿಷದಲ್ಲಿ ಅವನು ಬೀಡಾ ಹಾಕಿಕೊಳ್ಳುತ್ತಿದ್ದನೆಂಬುದು ನೆನಪಿಗೆ ಬಂತು. ಬೀಡಾ ಹಾಕಿಕೊಳ್ಳುವುದಕ್ಕೆ ಕಾರಣವಿತ್ತೆಂಬುದು ಆಗ ತಿಳಿಯಿತು.

ಎರಡನೆಯ ತೇಪೆ ಹಿಡಿಯಿತು. ಹೆಮ್ಮೆಯಿಂದ ಹತ್ತಿ ಒಂದು ಕಿಲೋಮೀಟರು ಹೋದೆ; ಮತ್ತೆ ಅದೇ ಬುಸುಗುಟ್ಟುವ ಸದ್ದು. ಟ್ಯೂಬನ್ನು ಸರಿಮಾಡಿದ್ದೆನೇ ಹೊರತು ಮುಳ್ಳನ್ನು ಟೈರಿನಿಂದ ಕಿತ್ತಿರಲಿಲ್ಲ! ಟೈರಿನ ಒಳಮೈಯನ್ನು ಬೆರಳಿನಿಂದ ಸವರುತ್ತ ಬಂದಾಗ ಅದು ಬೆರಳಿಗೇ ಚುಚ್ಚಿ ತನ್ನ ಇರವನ್ನು ತಿಳಿಸಿತು. ಎರಡನೆಯ ಸಲ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಹುಳಿಯಾರು ಸೇರಿದಾಗ ನಾಲ್ಕೂ ಕಾಲು ಗಂಟೆ. ಮಾರಿಕಣಿವೆ ಇನ್ನೂ 40 ಕಿಲೋಮೀಟರಿಗೂ ಹೆಚ್ಚು ದೂರ. ಸೂರ್ಯ ಮುಳುಗುವುದಕ್ಕೆ ಎರಡೇ ಗಂಟೆ. ಬಸ್ ನಿಲ್ದಾಣದ ಬಳಿ ಟೀ ಕುಡಿದು, ಮನೆಗೆ ಫೋನು ಮಾಡಿ, ಇವತ್ತು ಹಿನ್ನೀರು ಸಿಕ್ಕುವುದಿಲ್ಲವೆಂದು ಒಪ್ಪಿಕೊಂಡೆ.

ಕೆರೆಯ ಹಿಂದೆ

ಬಯಲಿನಲ್ಲಿ ತಂಗುವುದಕ್ಕೆ ಕೆಲವು ಕಟ್ಟಳೆಗಳಿವೆ. ನಾರ್ವೆಯಲ್ಲಿ 1957ರಿಂದಲೇ ಒಂದು ಕಾಯಿದೆಯುಂಟು. ವಾಸದ ಮನೆಗೆ 150 ಮೀಟರು ದೂರವಿದ್ದರೆ ಸಾಗುವಳಿಯಿಲ್ಲದ ಜಾಗದಲ್ಲಿ ಯಾರು ಬೇಕಾದರೂ ಗುಡಾರ ಹಾಕಬಹುದು. ಸ್ಕಾಟ್‌ಲೆಂಡಿನಲ್ಲಿಯೂ 2003ರ ಕಾಯಿದೆಯೊಂದು ಅಂಥದೇ ಹಕ್ಕನ್ನು ಕೊಟ್ಟಿದೆ. ನಮ್ಮಲ್ಲಿ ಅಂಥ ಬರೆದಿಟ್ಟ ಹಕ್ಕಿಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ, ತಂಗಲೂ ಬಾರದು. ಈ ಸೀಮೆಯ ಕುರುಚಲು ಕಾಡುಗಳಲ್ಲಿ ಕರಡಿ ಚಿರತೆಗಳಿವೆ. ಇನ್ನು ಹೊಲವಾದರೆ ಒಡೆಯನನ್ನು ಕೇಳಬೇಕು. ಇವಲ್ಲದೆ ನನ್ನ ಮಿತ್ರನದೇ ಕೆಲವು ಸೂತ್ರಗಳಿದ್ದುವು: ನಾಲ್ಕೂವರೆಗೆ ಜಾಗ ಹುಡುಕಲು ಆರಂಭಿಸಬೇಕು; ಕತ್ತಲಾಗುವ ಮೊದಲು ಗುಡಾರ ನಿಂತಿರಬೇಕು; ಕೇಳಲು ಒಬ್ಬ ಮನುಷ್ಯನಾದರೂ ಸಿಕ್ಕುವ ಕಡೆ ಕೇಳದೆ ಹೂಡಬಾರದು.

ಮೂರನೆಯ ಸೂತ್ರವನ್ನು ನಾನು ಮುರಿದೆ. ಹುಳಿಯಾರು ಬಿಟ್ಟು ಹದಿನೈದು ಕಿಲೋಮೀಟರಿನಷ್ಟು ಹೋದ ಮೇಲೆ ದಾರಿಯ ಬದಿಗೆ ಒಂದು ಸಣ್ಣ ಕೆರೆ ಕಾಣಿಸಿತು. ಏರಿಯ ಆಚೆ ಹೊಂಗೆಮರಗಳು, ಒಂದು ಪಂಪುಮನೆ, ಅದರ ಮುಂದೆ ಹಾಸಿದಂಥ ಹುಲ್ಲು. ಊರು ಅರ್ಧ ಮೈಲಿ ಆಚೆ. ಹೋಗಿ ಕೇಳುವ ಶಕ್ತಿ ಕಾಲಿಗಿರಲಿಲ್ಲ; ಬೆಳಿಗ್ಗೆ ಬೇಗ ಎದ್ದು ಹೊರಟರೆ ಯಾರಿಗೆ ಗೊತ್ತಾಗುತ್ತದೆಂದು ಸುಮ್ಮನೆ ಗುಡಾರ ಹೂಡಿದೆ. ಕೆರೆಯ ನೀರಿನಲ್ಲಿ ಕೆಂಪು ಆರುತ್ತಿತ್ತು. ಬೆಳ್ಳಕ್ಕಿಗಳ ಸಾಲು ಮರಕ್ಕೆ ಬಂದು ಕುಳಿತಿತು. ಮೊಣಕಾಲುಗಳನ್ನು ನೀವಿಕೊಳ್ಳುತ್ತ ಚಿತ್ರಾನ್ನದ ಡಬ್ಬಿ ತೆರೆದಾಗ, ಇಡೀ ದಿನದಲ್ಲಿ ಮೊದಲ ಸಲ ಸುಖವೆನ್ನಿಸಿತು.

ಏಳು ಗಂಟೆಗೆ ಎರಡು ಮೋಟಾರು ಬೈಸಿಕಲ್ಲುಗಳ ದೀಪ ನನ್ನ ಮುಖದ ಮೇಲೆ ಬಿತ್ತು. ಐದು ಜನ ಹುಡುಗರು.

“ಯಾರ್ರೀ ನೀವು? ಪಂಪ್‌ಹೌಸ್ ಹತ್ರ ಏನ್ ಕೆಲ್ಸ?”

ಹೇಳಿದೆ. ಕಾಲೇಜಿನ ಗುರುತಿನ ಚೀಟಿ ತೋರಿಸಿದೆ. ಒಬ್ಬ ಅದನ್ನು ದೀಪಕ್ಕೆ ಹಿಡಿದು ಓದಿದ. ಮತ್ತೊಬ್ಬ ಮೊಬೈಲಿನಲ್ಲಿ ನನ್ನ ಚಿತ್ರ ತೆಗೆಯುತ್ತಿದ್ದ. “ಜೊತೆಗಾರ ಹಿಂದೆ ಬರ್ತಿದ್ದಾನೆ” ಎಂಬ ಮಾತು ಅಭ್ಯಾಸದಿಂದ ಬಾಯಿಗೆ ಬಂತು. ಅದೇ ತಪ್ಪಾಯಿತು. “ಇನ್ನೂ ಎಷ್ಟ್ ಜನ ಬರ್ತಾರೆ?” ಎಂದು ಧ್ವನಿ ಬಿಗಿಯಾಯಿತು. ಆ ತಿಂಗಳಿನಲ್ಲಿ ಎರಡು ಪಂಪುಗಳ ತಾಮ್ರದ ಕೇಬಲ್ಲು ಕಳುವಾಗಿತ್ತೆಂದು ಆಮೇಲೆ ತಿಳಿಯಿತು. 2018ರಲ್ಲಿ ಬೀದರ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಸಿಕ್ಕಿ ಪರಸ್ಥಳದ ತರುಣನೊಬ್ಬ ಗುಂಪಿನ ಪೆಟ್ಟಿನಿಂದ ಸತ್ತದ್ದು ಆ ನಿಮಿಷದಲ್ಲಿ ನನ್ನ ಮನಸ್ಸಿಗೆ ಬಂದು, ನಾಲಗೆ ಒಣಗಿತು. ಕೈಮುಗಿದು, ಯಾರೂ ಬರುವುದಿಲ್ಲ, ಸುಳ್ಳು ಹೇಳಿದೆ ಎಂದೆ.

ಅವರು ಕೆಟ್ಟವರಲ್ಲ. ಗುರುತಿನ ಚೀಟಿ ಓದಿದವನು ಸ್ವಲ್ಪ ಹೊತ್ತು ಯೋಚಿಸಿ, “ಊರೊಳಗೆ ಬನ್ನಿ ಸಾರ್, ಗುಡಿ ಜಗಲೀಲಿ ಮಲ್ಕೊಳ್ಳಿ. ಇಲ್ಲಿ ಮಾತ್ರ ಬೇಡ” ಎಂದ. ಒಳ್ಳೆಯ ಮಾತು, ಒಪ್ಪಬೇಕಾಗಿತ್ತು. ಆದರೆ ಹೆದರಿದ ಮನುಷ್ಯನಿಗೆ ಬರುವ ಹುಸಿ ಅಭಿಮಾನವೊಂದಿದೆ. ಬೇಡಪ್ಪಾ, ಮುಂದೆ ಹೋಗುತ್ತೇನೆ ಎಂದು ಹೇಳಿ, ನಡುಗುವ ಕೈಗಳಿಂದ ಗೂಟ ಕಿತ್ತು, ಗುಡಾರವನ್ನು ಮಡಿಸದೆ ಮುದುರಿ ಕಟ್ಟಿ, ಕತ್ತಲೆಗೆ ಇಳಿದೆ.

ಕತ್ತಲೆಯಲ್ಲಿ ಬೈಸಿಕಲ್ಲಿನ ದೀಪಕ್ಕೆ ರಸ್ತೆಯ ಹತ್ತು ಮಾರು ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಸದ್ದು. ಏಳೂ ಮುಕ್ಕಾಲಾಯಿತು. ಮೊಬೈಲು ನೋಡಿದೆ, ಸಂಕೇತವಿಲ್ಲ. ಒಂದು ಏರು ಹತ್ತಿದೆ, ಅಲ್ಲಿಯೂ ಇಲ್ಲ. ಎಂಟು ಗಂಟೆ. ತುಮಕೂರಿನ ನಮ್ಮ ಮನೆಯ ನಡುಮನೆಯ ಗಡಿಯಾರ ಕಣ್ಣಿಗೆ ಕಟ್ಟಿತು. ಆ ಗಡಿಯಾರ ಐದು ನಿಮಿಷ ಮುಂದೆ ಇರುತ್ತದೆ.

ಮಂದೆಯ ಪಕ್ಕದಲ್ಲಿ

ಕೊಯ್ಲಾದ ಹೊಲವೊಂದರ ನಡುವೆ ಬೆಂಕಿ ಕಾಣಿಸಿತು. ಅತ್ತ ತಿರುಗಿದೊಡನೆ ಮೂರು ನಾಯಿಗಳು ಒಮ್ಮೆಲೆ ಎದ್ದುವು.

“ಅಲ್ಲೇ ನಿಲ್ಲಿ! ನಾಯಿ ಬಿಟ್ಟೈತೆ!” ಎಂದು ಒಂದು ಮುದಿ ಧ್ವನಿ ಕೂಗಿತು.

ನಿಂತೆ. ಈ ಸಲ ಎಲ್ಲವನ್ನೂ ದೂರದಿಂದಲೇ ಕೂಗಿ ಹೇಳಿದೆ: ಹೆಸರು, ಊರು, ಕೆಲಸ, ಕೆರೆಯ ಬಳಿ ಎಬ್ಬಿಸಿದ್ದು, ಮನೆಗೆ ಫೋನು ಮಾಡಬೇಕಾದ್ದು. ನಡುವೆ ಸ್ವಲ್ಪ ಮೌನ. ಆಮೇಲೆ ಒಂದು ಸಿಳ್ಳು, ನಾಯಿಗಳು ಕುಳಿತುವು. ಒಬ್ಬ ಹುಡುಗ ಬಂದು, “ಬಂಡೆ ಮ್ಯಾಗೆ ಹತ್ತಿದ್ರೆ ಸಿಗ್ನಲ್ ಸಿಗ್ತೈತೆ, ಬನ್ನಿ” ಎಂದು ನನ್ನ ಕೈಹಿಡಿದು ನಡೆದ. ನನ್ನ ಬೆಲೆಬಾಳುವ ಮೊಬೈಲಿಗೆ ಬಂಡೆಯ ಮೇಲೆಯೂ ಸಂಕೇತ ಬರಲಿಲ್ಲ. ಅವನ ಗುಂಡಿಯೊತ್ತುವ ಸಣ್ಣ ಫೋನಿಗೆ ಬಂತು. ಎಂಟೂ ಇಪ್ಪತ್ತು. ಮೊದಲನೆಯ ಗಂಟೆಗೇ ಪತ್ನಿ ಎತ್ತಿಕೊಂಡಳು. ನಾನು ಮಾತನಾಡಿದ ಮೇಲೆ ಆಕೆ ಸ್ವಲ್ಪ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, “ಊಟ ಆಯಿತೆ?” ಎಂದಳು. ಹಿರಿಯೂರು ಠಾಣೆಯ ನಂಬರು ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತೆಂಬುದನ್ನು ನಾನು ಮನೆಗೆ ಹಿಂದಿರುಗಿದ ಮೇಲೆ ನೋಡಿದೆ.

ಅವರು ಕಾಡುಗೊಲ್ಲರು, ಅಜ್ಜ, ಅವನ ಮಗ, ಮೊಮ್ಮಗ. ಇನ್ನೂರರಷ್ಟು ಕುರಿ. ಸುಗ್ಗಿಯಾದ ಮೇಲೆ ಹೊಲದಿಂದ ಹೊಲಕ್ಕೆ ಮಂದೆ ನಿಲ್ಲಿಸುತ್ತ ಹೋಗುವುದು ಅವರ ಕಸುಬು. ಕುರಿಗಳು ರಾತ್ರಿಯೆಲ್ಲ ಒಂದು ಹೊಲದಲ್ಲಿ ಮಲಗಿದರೆ ಆ ಹೊಲಕ್ಕೆ ಗೊಬ್ಬರ. ಅದಕ್ಕಾಗಿ ಹೊಲದವರು ರಾಗಿಯನ್ನೋ ಹಣವನ್ನೋ ಕೊಡುತ್ತಾರೆ. ಮಂದೆಯ ಸುತ್ತ ಹಿಂದೆ ಮುಳ್ಳಿನ ಬೇಲಿ. ಈಗ ನೈಲಾನು ಬಲೆ. ತೋಳದ ಭಯ ಇಂದಿಗೂ ಇದೆ. ಅದಕ್ಕಿಂತ ಹೆಚ್ಚಿನ ಭಯ ವ್ಯಾನು ತಂದು ಹತ್ತಿಪ್ಪತ್ತು ಕುರಿಗಳನ್ನು ಎತ್ತಿಹಾಕಿಕೊಂಡು ಹೋಗುವ ಕಳ್ಳರದು. ಮನೆ ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿದೆ. ದೀಪಾವಳಿ ಕಳೆದ ಮೇಲೆ ಹೊರಟವರು. ಸಾಮಾನೆಷ್ಟು? ತಲಾ ಒಂದು ಕಂಬಳಿ, ಒಂದು ದೊಣ್ಣೆ, ಎರಡು ಪಾತ್ರೆ, ರಾಗಿಹಿಟ್ಟಿನ ಚೀಲ. ನನ್ನ ಹದಿನಾರು ಕಿಲೋವನ್ನು ಹುಡುಗ ಒಂದೊಂದಾಗಿ ಬಿಚ್ಚಿ ನೋಡಿ ಆನಂದಪಟ್ಟ. ಗಾಳಿ ತುಂಬುವ ದಿಂಬಿಗೆ ಅಜ್ಜ ಬಹಳ ಹೊತ್ತು ನಕ್ಕ.

ಕಂಬಳಿಯ ವಿಷಯ ಒಂದು ಮಾತು. ಚಳ್ಳಕೆರೆಯ ಕಡೆಯ ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಸರಿ ಹಾಕಿರುತ್ತಾರೆ. ಅದರಿಂದ ಅದು ಗಡುಸಾಗಿ ಹನಿಮಳೆಯನ್ನೂ ತಡೆಯುತ್ತದೆ. ಹಾಸಬಹುದು, ಹೊದೆಯಬಹುದು, ತಲೆಗೆ ಕೊಪ್ಪೆ ಮಾಡಿ ಹಾಕಿಕೊಳ್ಳಬಹುದು. ಸ್ಟೀವನ್ಸನ ಮಳೆಯಂಗಿಯನ್ನು ನಾನು ಮತ್ತೆ ನೆನೆದೆ.

ಮುದ್ದೆ, ಹುರುಳಿಕಾಳಿನ ಸಾರು. ಹುರುಳಿಯ ಮೇಲಿನ ನನ್ನ ಹಗಲಿನ ಸಿಟ್ಟು ಅಲ್ಲಿಗೆ ಇಳಿಯಿತು. ನನ್ನ ಚಪಾತಿ, ಕೊಬ್ಬರಿ, ಬೆಲ್ಲ ಅವರ ಪಾಲಿಗೆ ಹೋದುವು. ಊಟವಾದ ಮೇಲೆ ಅಜ್ಜ ಬೆಂಕಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಹನ್ನೊಂದನೆಯವನಾಗಿ ಕೇಳಿದ:

“ಅಲ್ಲ ಮೇಷ್ಟ್ರೇ, ಒಬ್ರೇ ಯಾಕ್ ಹೊಂಟ್ರಿ?”

ಅವನಿಗೆ ಸುಳ್ಳು ಹೇಳಲಿಲ್ಲ. ಮಿತ್ರನ ವಿಷಯವನ್ನೂ ಭೂಪಟದ ಗೆರೆಯನ್ನೂ ಹೇಳಿದೆ. ಮಜ್ಜಿಗೆ ಎತ್ತಿಟ್ಟ ಹೆಂಗಸಿನ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ ತಿಳಿಯದು. ಅಜ್ಜ ಬೆಂಕಿಗೆ ಒಂದು ಕಡ್ಡಿ ನೂಕಿದ. ಸಮಾಧಾನದ ಮಾತು ಯಾವುದನ್ನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಕುರಿ ಕಾಯೋಕೂ ಇಬ್ರು ಇರಬೇಕು ಸ್ವಾಮಿ. ಒಬ್ಬ ಮಲಗಿದ್ರೆ ಒಬ್ಬ ಎದ್ದಿರಬೇಕು. ನಾನು ಎದ್ದಿರ್ತೀನಿ, ನೀವು ಮಲಕ್ಕೊಳ್ಳಿ” ಎಂದ.

ಕನ್ನಡ ಮೇಷ್ಟರಾದವರಿಗೆ ಅಷ್ಟಕ್ಕೆ ನಿದ್ರೆ ಬರುವುದಿಲ್ಲ. ಕಾಡುಗೊಲ್ಲರ ಜುಂಜಪ್ಪನ ಕಥೆ, ಅದರ ಜೊತೆಗೆ ನುಡಿಸುವ ಗಣೆ ಎಂಬ ಉದ್ದನೆಯ ಬಿದಿರುಕೊಳಲು—ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ಒಂದು ಸಲವೂ ಎದುರಿಗೆ ಕೇಳಿರಲಿಲ್ಲ. ಗಣೆ ಬಾರಿಸುವವರು ಯಾರಾದರೂ ಉಂಟೆ ಎಂದೆ. “ನಮ್ಮಣ್ಣ ಊದ್ತಿದ್ದ. ಹೋಗಿ ಆರು ವರ್ಷ ಆಯ್ತು” ಎಂದ ಅಜ್ಜ. “ಗಣೆ?” ಎಂದೆ. “ಮನೇಲೈತೆ. ಗೂ‌ಡಿನಾಗೆ ಇಟ್ಟೀನಿ. ಊದೋಕೆ ನಂಗೆ ಬರಲ್ಲ.” ಮೊಮ್ಮಗ ತನ್ನ ಫೋನಿನಲ್ಲಿ ಒಂದು ಹಾಡು ಹಾಕಲು ಹೋದ; ಅಜ್ಜ ಬೇಡವೆಂದ. ಕುರಿ ಬೆದರುತ್ತವಂತೆ.

ಗುಡಾರದಲ್ಲಿ ನಾನು ಎಂದಿನಂತೆ ಎಡಮಗ್ಗುಲಿನಲ್ಲಿಯೇ ಮಲಗಿದೆ. ಬಲಗಡೆಯ ಜಾಗದಲ್ಲಿ ಸಾಮಾನಿನ ಚೀಲಗಳನ್ನಿಟ್ಟೆ. ಬಾಗಿಲಿನ ಸಂದಿಯಿಂದ ಕೃತ್ತಿಕೆಯ ಗೊಂಚಲು ನೆತ್ತಿ ದಾಟಿ ಪಡುವಲಿಗೆ ಇಳಿಯುತ್ತಿದ್ದುದು ಕಾಣುತ್ತಿತ್ತು. ನಡುರಾತ್ರಿಯಲ್ಲಿ ಎರಡು ಸಲ ಎಚ್ಚರವಾಯಿತು. ಎರಡು ಸಲವೂ ಅಜ್ಜ ಬೆಂಕಿಯ ಬಳಿ ಕಂಬಳಿಯ ಕೊಪ್ಪೆಯೊಳಗೆ ಕುಳಿತೇ ಇದ್ದ. ಒಮ್ಮೆ ಕೆಮ್ಮಿದ, ಒಮ್ಮೆ ನಾಯಿಯ ಹೆಸರು ಹಿಡಿದು ಗದರಿದ. ಬೆಳಗಿನ ಜಾವ ಚಳಿಗೆ ಗುಡಾರದ ಒಳಮೈ ಬೆವೆತು ತೊಟ್ಟಿಕ್ಕುತ್ತಿತ್ತು. ನೋಡಿದರೆ ನನ್ನ ಮೇಲೆ ಒಂದು ಕಂಬಳಿ ಇತ್ತು. ಅದರ ಕುರಿಯ ವಾಸನೆ ಈಗಲೂ ನನ್ನ ಹೊದಿಕೆಯಿಂದ ಹೋಗಿಲ್ಲ. ಒಗೆಯುವುದಕ್ಕೆ ಹಾಕಬೇಡವೆಂದು ಮನೆಯಲ್ಲಿ ಹೇಳಿದ್ದೇನೆ.

ಆರೂವರೆಗೆ ಮಂದೆ ಎದ್ದಿತು. ಹಣ ಕೊಡಲು ಹೋದೆ; ಅಜ್ಜನಿಗೆ ಸಿಟ್ಟು ಬಂತು. ಹುಡುಗನಿಗೆ ಗಾಳಿ ತುಂಬುವ ದಿಂಬನ್ನು ಕೊಟ್ಟೆ. ಅದಕ್ಕೆ ಯಾರೂ ಸಿಟ್ಟಾಗಲಿಲ್ಲ. ಅವರು ಮೂಡಲಿಗೆ ಹೊರಳಿದರು, ನಾನು ಬಡಗಲಿಗೆ.

ಒಂಬತ್ತು ಗಂಟೆಗೆ ಗುಡ್ಡಗಳ ನಡುವೆ ನೀರು ಕಾಣಿಸಿತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದದ್ದು. ಒಮ್ಮೆ 1933ರಲ್ಲಿ ಕೋಡಿ ಬಿದ್ದ ಮೇಲೆ, ಮತ್ತೆ ಅದು ತುಂಬಿ ಹರಿದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷ, ಇದು ತುಂಬುವುದಿಲ್ಲವೆಂದೇ ಜನ ನಂಬಿದ್ದರು. ನನ್ನ ಮಿತ್ರ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನವೇ ಭೂಪಟದ ಮೇಲೆ ಗೆರೆ ಎಳೆದದ್ದು.

ಸೊನ್ನೆ ಬರೆದಿದ್ದ ಜಾಗವನ್ನು ಹುಡುಕಿದೆ. ಅದು ಈಗ ನೀರಿನೊಳಗಿತ್ತು. ದಡದಿಂದ ಇಪ್ಪತ್ತು ಮಾರು ಆಚೆ ಜಾಲಿಮರದ ತಲೆಯೊಂದು ಮಾತ್ರ ಮೇಲೆ ನಿಂತಿತ್ತು. ಮುಖ ತೊಳೆದು, ಉಳಿದಿದ್ದ ಹುರಿಗಡಲೆಯನ್ನು ತಿಂದು, ಒದ್ದೆಯಾಗಿದ್ದ ಗುಡಾರವನ್ನು ಬಂಡೆಯ ಮೇಲೆ ಒಣಹಾಕಿದೆ. ಅದು ಒಣಗುವವರೆಗೆ ಹಿಂದಿನ ಚಕ್ರವನ್ನು ಬೆರಳಿನಿಂದ ಒತ್ತಿ ನೋಡಿದೆ. ತೇಪೆ ಎರಡೂ ಹಿಡಿದುಕೊಂಡಿದ್ದುವು.